ಸಿನಿಮಾಕ್ಕೆ ಹೋದದ್ದು ತಂಗಿ ಎಮ್ಮೆ

ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋಗುವಾಗ ನಾನು ನನ್ನ ಷಡ್ಡಕನ ಗೋಠಾದ ಮುಂದೆಯೇ ಹಾಯಬೇಕು. ಬೇರೆ ದಾರಿ ಇಲ್ಲ. ಇದ್ದಿದ್ದರೆ ಸುತ್ತು ಹಾಕಿಯಾದರೂ ಹೋಗುತ್ತಿದ್ದೆ. ದನ ಕಟ್ಟುವ ಆ ಗೋಠಾದ ತಗಡಿನ ಬಾಗಿಲಿಗೆ ಅವನು ಒಂದು ಸಿನಿಮಾ ಪೋಸ್ಟರ್ ಅಂಟಿಸಿದ್ದಾನೆ. ಅದರಲ್ಲಿ ಒಂದು ಎಮ್ಮೆ ಇದೆ, ಎಮ್ಮೆಯ ಉದ್ದನೆಯ ಕೊಂಬುಗಳ ನಡುವೆ ಚಂದ್ರ, ಬೆನ್ನ ಮೇಲೆ ಒಬ್ಬ ಹುಡುಗಿ. ಮಳೆಗೆ ಹಾಳಾಗಬಾರದೆಂದು ಪೋಸ್ಟರಿನ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಮೊಳೆ ಹೊಡೆದಿದ್ದಾನೆ. ಅವನ ಮನೆಯ ಅಡುಗೆಕೋಣೆ ಎಷ್ಟೋ ಮಳೆಗಾಲದಿಂದ ಸೋರುತ್ತಿದೆ, ಅದಕ್ಕೆ ಒಂದು ಹಾಳೆ ಹೊದಿಸಿಲ್ಲ.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಸದಲಗಾದ ಹತ್ತಿರ ದೂಧಗಂಗಾ ದಂಡೆಯ ಊರು ನಮ್ಮದು. ಇಬ್ಬರ ಮನೆಯೂ ಒಂದೇ ಓಣಿಯಲ್ಲಿ. ಇಬ್ಬರಿಗೂ ಸ್ವಲ್ಪ ಕಬ್ಬು, ಒಂದೆರಡು ಎಮ್ಮೆ. ಪೋಸ್ಟರಿನಲ್ಲಿರುವ ಎಮ್ಮೆ ಅವನದು, ಅದನ್ನು ನಾನು ಅಲ್ಲ ಅನ್ನುವುದಿಲ್ಲ. ಆದರೆ ಅದು ಹುಟ್ಟಿದ್ದು ನನ್ನ ಗೋಠಾದಲ್ಲಿ. ಸುರಿಯುವ ಮಳೆಯಲ್ಲಿ ಅದರ ಮೈ ಒರೆಸಿ ತಾಯಿಯ ಮುಂದೆ ನಿಲ್ಲಿಸಿದವನು ನಾನು. ಇದನ್ನು ಪೋಸ್ಟರಿನಲ್ಲಿ ಯಾರೂ ಬರೆಯುವುದಿಲ್ಲ. ಅದಕ್ಕೇ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ ನಾನೇ ಬರೆಯುತ್ತಿದ್ದೇನೆ.

ನಾನು ಶಾಲೆಗೆ ಹೋದದ್ದು ತಡವಾಗಿ. ನನ್ನ ಓರಗೆಯವರು ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ನಾನು ಸೇರಿದೆ. ಅಲ್ಲಿಯವರೆಗೆ ಊರಿನ ಎಮ್ಮೆಗಳನ್ನು ನದಿಗೆ ಹೊಡೆದುಕೊಂಡು ಹೋಗುವುದೇ ನನ್ನ ಕೆಲಸ. ಎತ್ತರ ಇದ್ದೆನೆಂದು ಗುರುಗಳು ನನ್ನನ್ನು ಹಿಂದೆ ಗೋಡೆಗೆ ಕೂರಿಸುತ್ತಿದ್ದರು. ಸಣ್ಣ ಹುಡುಗರು ಸರಸರ ಓದುತ್ತಿದ್ದರು, ನಾನು ಬೆರಳಿಟ್ಟು ಓದುತ್ತಿದ್ದೆ. ಶಾಲೆಯಲ್ಲಿ ರಟ್ಟು ಹರಿದ ಒಂದು ಕಥೆಪುಸ್ತಕ ಇತ್ತು. ಹಳೆಯ ಕಾಲದಿಂದ ಮಕ್ಕಳು ಓದಿಕೊಂಡು ಬಂದ ಕಥೆಗಳು. ಅದರಲ್ಲಿ ಒಂದು ಎಮ್ಮೆಯ ಕಥೆ. ಮೊದಲಿನಿಂದ ಕೊನೆಯವರೆಗೆ ನಾನು ಸ್ವಂತ ಓದಿ ಮುಗಿಸಿದ ಮೊದಲ ಕಥೆ ಅದೇ.

ಕಥೆ ಹೀಗಿದೆ. ಚಂದ್ರ ಜಾರಿ ನದಿಗೆ ಬೀಳುತ್ತಾನೆ. ಊರಿಗೆಲ್ಲ ಕತ್ತಲೆ. ಒಬ್ಬ ಹುಡುಗಿ ಎಮ್ಮೆಯ ಬೆನ್ನೇರಿ ನದಿಯ ತಳಕ್ಕೆ ಹೋಗುತ್ತಾಳೆ. ಆ ಎಮ್ಮೆಗೆ ಮಾತು ಬರುತ್ತದೆ. ಅದು ತನ್ನ ಕೊಂಬಿನಲ್ಲಿ ಚಂದ್ರನನ್ನು ಹೊತ್ತು ಮೇಲೆ ತಂದು ಆಕಾಶಕ್ಕೆ ಎಸೆಯುತ್ತದೆ. ಎಲ್ಲರೂ ಮೇಲೆ ನೋಡುತ್ತಾ ಕುಣಿಯುವಾಗ ಎಮ್ಮೆ ಒಂಟಿಯಾಗಿ ನದಿಗೆ ಮರಳಿ ಹೋಗುತ್ತದೆ. ನೀರಿಗೆ ಇಳಿಯುವ ಮುಂಚೆ ಒಮ್ಮೆ ತಿರುಗಿ ಹುಡುಗಿಯನ್ನು ನೋಡುತ್ತದೆ.

ಆ ತಿರುಗಿ ನೋಡುವ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಶಾಲೆ ಬಿಟ್ಟ ಮೇಲೆ ನದಿಗೆ ಹೋಗಿ ನಿಂತು ನೋಡುತ್ತಿದ್ದೆ. ಊರಿನ ಎಮ್ಮೆಗಳು ನೀರಿಗೆ ಇಳಿಯುತ್ತಿದ್ದವು. ಒಂದಾದರೂ ತಿರುಗಿ ನನ್ನನ್ನು ನೋಡಲಿಲ್ಲ.

ದೊಡ್ಡವನಾಗಿ ಸ್ವಂತ ಎಮ್ಮೆ ಕಟ್ಟಿದ ಮೇಲೆ ನಾನು ಅದಕ್ಕೆ ತಿರುಗಿ ನೋಡುವುದನ್ನು ಕಲಿಸಿದೆ. ನಮ್ಮ ಕಡೆ ದೀಪಾವಳಿಯ ಪಾಡವಾ ದಿನ ಎಮ್ಮೆಗಳ ಓಟ ಇರುತ್ತದೆ. ಮಾಲೀಕ ಮುಂದೆ ಮೋಟರ್‌ಸೈಕಲ್ ಮೇಲೆ, ಎಮ್ಮೆ ಅವನ ಕೂಗಿಗೆ ಹಿಂದೆ ಹಿಂದೆ ಓಡಬೇಕು. ಹಗ್ಗ ಇಲ್ಲ, ಬಡಿಗೆ ಇಲ್ಲ. ಅದಕ್ಕಾಗಿ ಎಲ್ಲರೂ ಒಂದೊಂದು ಕೂಗು ರೂಢಿ ಮಾಡಿಸುತ್ತಾರೆ. ನಾನು ಎರಡು ಮಾಡಿಸಿದೆ. ಮೊದಲನೆಯ ಕೂಗಿಗೆ ನಿಂತು ತಿರುಗಿ ನನ್ನನ್ನು ನೋಡಬೇಕು. ಎರಡನೆಯ ಕೂಗಿಗೆ ಓಡಿ ಬರಬೇಕು. ಓಟಕ್ಕೆ ಎರಡನೆಯದು ಸಾಕು. ಮೊದಲನೆಯದು ನನ್ನ ಸಲುವಾಗಿ.

ನನ್ನ ಹಳೆಯ ಎಮ್ಮೆಗೆ ಎರಡು ಹೆಣ್ಣು ಕರು. ಪಂಢರಪುರಿ ಜಾತಿ, ಕೊಂಬು ಹೆಗಲು ದಾಟಿ ಹಿಂದೆ ಹೋಗುವಂಥವು. ಹಿರಿದನ್ನು ದೊಡ್ಡಾಕಿ, ಕಿರಿದನ್ನು ಸಣ್ಣಾಕಿ ಎಂದು ಕರೆದೆವು. ಅದಕ್ಕೆ ನನ್ನ ಹೆಂಡತಿ ಸಿಟ್ಟಾಗುತ್ತಿದ್ದಳು, ಯಾಕೆಂದರೆ ಅವರ ತವರಿನಲ್ಲಿ ಅವಳನ್ನೂ ಅವಳ ತಂಗಿಯನ್ನೂ ಹಾಗೇ ಕರೆಯುತ್ತಾರೆ. ತಂಗಿಗೆ ಮೊದಲನೆಯ ಕೂಸು ಆದಾಗ ತೊಟ್ಟಿಲ ದಿನ ನನ್ನ ಹೆಂಡತಿ, "ಕೂಸಿಗೆ ಮುಂದ ಹಾಲ ಆಗಲಿ" ಎಂದು ಸಣ್ಣಾಕಿಯನ್ನು ಹೊಡೆದುಕೊಂಡು ಹೋಗಿ ಕೊಟ್ಟು ಬಂದಳು. ಆಗ ಅದು ಇನ್ನೂ ಈಯದ ಮಣಕ. ಅಷ್ಟರಲ್ಲಾಗಲೇ ಅಕ್ಕನ ಹಿಂದೆ ಓಡಿ ಓಡಿ ನನ್ನ ಎರಡೂ ಕೂಗು ಕಲಿತಿತ್ತು.

ಷಡ್ಡಕ ಅದಕ್ಕೆ ಏನೂ ಕಲಿಸಲಿಲ್ಲ. ಅವನು ಕಲಿಸುವ ಮನುಷ್ಯ ಅಲ್ಲ. ಬೆಳಿಗ್ಗೆ ಹಗ್ಗ ಬಿಚ್ಚುತ್ತಾನೆ, ಅದು ತಾನೇ ಹೊಂಡಕ್ಕೆ ಹೋಗಿ ಕೆಸರಲ್ಲಿ ಹೊರಳಿ, ಹಸಿವಾದಾಗ ತಾನೇ ಬರುತ್ತದೆ. ಯಾರಾದರೂ ಕೇಳಿದರೆ, "ಅಕಿಗೆ ದಾರಿ ಗೊತ್ತೈತಿ, ನಾ ಯಾಕ ನಡಕ ಹೋಗ್ಲಿ?" ಅನ್ನುತ್ತಾನೆ.

ಹೋಳಿ ಮುಗಿದ ಮೇಲೆ ಒಂದು ದಿನ ಪ್ಯಾಂಟು, ಟೋಪಿ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಜೀಪಿನಲ್ಲಿ ನಮ್ಮ ಓಣಿಗೆ ಬಂದಳು. ಕೊಲ್ಲಾಪುರ ಕಡೆಯವಳು, ಮಾತು ಮರಾಠಿ. ಮಕ್ಕಳ ಹಳೆಯ ಕಥೆಗಳ ಮೇಲೆ ದೊಡ್ಡ ಪಿಚ್ಚರ್ ಮಾಡುತ್ತಿದ್ದಾರೆ, ಅದಕ್ಕೆ ಉದ್ದ ಕೊಂಬಿನ ಎಮ್ಮೆ ಬೇಕು ಎಂದಳು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ನನ್ನ ಕಾಲು ಅಲ್ಲೇ ನಿಂತವು. ರಟ್ಟು ಹರಿದ ಪುಸ್ತಕದ ಅದೇ ಚಿತ್ರ. ಕೊಂಬಿನ ನಡುವೆ ಚಂದ್ರ.

"ಈ ಕತಿ ನನಗ ಬರತೈತ್ರಿ," ಎಂದೆ. ಪೂರ್ತಿ ಹೇಳಿಯೂ ಬಿಟ್ಟೆ. ಅವಳು ನಗುತ್ತಾ ಕೇಳಿದಳು. ದೊಡ್ಡಾಕಿಯನ್ನು ಸುತ್ತ ತಿರುಗಿ ನೋಡಿದಳು, ಫೋಟೋ ತೆಗೆದಳು. ನಾನು ಮೊದಲನೆಯ ಕೂಗು ಹಾಕಿ ತೋರಿಸಿದೆ. ದೊಡ್ಡಾಕಿ ಮೇವು ಬಿಟ್ಟು ತಲೆ ಎತ್ತಿ ನೋಡಿದ ಕೂಡಲೇ ಅವಳು ಚಪ್ಪಾಳೆ ತಟ್ಟಿ, "ಛಾನ್! ಕಾಕಾ, ಅಗದೀ ಛಾನ್!" ಎಂದಳು. ಛಾನ್ ಅಂದರೆ ಮರಾಠಿಯಲ್ಲಿ ಚಂದ. ಆಮೇಲೆ ಷಡ್ಡಕನ ಗೋಠಾಕ್ಕೂ ಹೋಗಿ ಸಣ್ಣಾಕಿಯ ಫೋಟೋ ತೆಗೆದಳು. ಅಲ್ಲಿ ಛಾನ್ ಅನ್ನಲಿಲ್ಲ. ನಾನು ಗೋಡೆಯ ಈ ಕಡೆ ನಿಂತು ಕೇಳಿಸಿಕೊಂಡೆ. ವಾರದ ಕೊನೆಗೆ ಪಿಚ್ಚರಿನ ಸಾಹೇಬರು ಮುಂಬಯಿಯಿಂದ ಬಂದು ಆರಿಸುತ್ತಾರೆ ಎಂದು ಹೇಳಿ ಹೋದಳು.

ನಾನು ಮರುದಿನವೇ ತಯಾರಿಗೆ ಕೂತೆ. ನಮ್ಮ ಕಡೆ ಎಮ್ಮೆಯನ್ನು ನಾಲ್ಕು ಜನರ ಮುಂದೆ ನಿಲ್ಲಿಸಬೇಕಾದರೆ ಹೇಗೆ ನಿಲ್ಲಿಸುತ್ತಾರೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಕ್ಷೌರದವನನ್ನು ಕರೆಸಿದೆ. ಕತ್ತರಿ ಆಡಿಸಿ, ಮೇಲೆ ವಸ್ತರಾ ಎಳೆದು, ದೊಡ್ಡಾಕಿಯ ಮೈಮೇಲೆ ಒಂದು ಕೂದಲು ಉಳಿಯದ ಹಾಗೆ ಬೋಳಿಸಿದೆವು. ಎಣ್ಣೆ ಹಚ್ಚಿ ತಿಕ್ಕಿದೆ. ಮುಖ ಕಾಣುವಷ್ಟು ಹೊಳೆಯಿತು. ಕೊಂಬಿಗೆ ಕೆಂಪು ಹುರಮಂಜು, ಕೊರಳಿಗೆ ಕವಡೆಯ ಸರ, ಹಣೆಗೆ ಗೊಂಡೆ.

ನನ್ನ ಹೆಂಡತಿ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. "ಏನ್ರಿ ಇದು, ಪಾಡವಾ ಇನ್ನ ಎಲ್ಲಿ ಐತಿ? ಈ ಬಿಸಲಾಗ ಯಾಕ ಬೋಳಸಾಕತ್ತೀರಿ ಅದನ್ನ?"

"ನಾಡೆಲ್ಲಾ ನೋಡೂ ಪಿಚ್ಚರ್ ಐತಿ. ಹಂಗ ಕಳಸಾಕ ಬರತೈತೇನ?"

"ಮಗಳನ್ನ ನೋಡಾಕ ಬಂದಾಗ ಸೈತ ಇಷ್ಟ ಮಾಡಿರಲಿಲ್ಲಲ್ರಿ ನೀವು," ಎಂದಳು.

ಷಡ್ಡಕ ಬಂದು ಬೇಲಿಗೆ ಒರಗಿ ನಿಂತು ನೋಡಿದ. "ಅಣ್ಣಾ, ಮಸ್ತ ಹೊಳ್ಯಾಕತ್ತಾಳ. ನಂದೇನ ನಡ್ಯೂದಿಲ್ಲ ಬಿಡು ಇನ್ನ."

"ನೀನೂ ಒಂದೀಟ ತೊಳಿಯಲೇ ಸಣ್ಣಾಕಿನ್ನ."

"ಯಾರ ತೊಳೀತಾರೋ, ನಾಳಿ ಮತ್ತ ಹೊಂಡಕ್ಕ ಹೋಗೂದ ಐತಿ," ಎಂದು ಆಕಳಿಸಿ ಹೋದ.

ಸಾಹೇಬರು ಬಂದ ದಿನ ಓಣಿಯ ತುಂಬ ಜನ. ದೊಡ್ಡಾಕಿಯನ್ನು ನಾನು ನಡುಬೀದಿಗೆ ತಂದು ನಿಲ್ಲಿಸಿದೆ. ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಸಾಹೇಬರು ಕಣ್ಣಿನ ಕಪ್ಪು ಚಾಳೀಸು ತೆಗೆದು ಹತ್ತಿರ ಬಂದು ನೋಡಿದರು. ಮುಟ್ಟಿ ನೋಡಿದರು, ಕೈಗೆ ಹತ್ತಿದ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಆ ಹೆಣ್ಣುಮಗಳ ಕಡೆ ತಿರುಗಿ ಹಿಂದಿಯಲ್ಲಿ ಏನೋ ಕೇಳಿದರು. ಅವಳು ತಲೆ ತಗ್ಗಿಸಿದಳು. ಹಿಂದಿ ತಿಳಿಯುವ ಷಡ್ಡಕ ಹೊಟ್ಟೆ ಹಿಡಿದು ನಗತೊಡಗಿದ.

"ಅಣ್ಣಾ, ಸಾಹೇಬ್ರ ಕೇಳಾಕತ್ತಾರ, ಎಮ್ಮಿಗೆ ಏನರ ಜಡ್ಡ ಆಗಿ ಕೂದಲ ಹೋದುವೇನಂತ!"

ಓಣಿಗೆ ಓಣಿಯೇ ನಕ್ಕಿತು. ಆ ಹೆಣ್ಣುಮಗಳು ಮರಾಠಿಯಲ್ಲಿ ನನಗೆ ತಿಳಿಸಿ ಹೇಳಿದಳು. ಪುಸ್ತಕದ ಚಿತ್ರದಲ್ಲಿರುವಂಥ ಎಮ್ಮೆ ಬೇಕು, ಮೈತುಂಬ ಕೂದಲು, ಮೇಲೆ ನದಿಯ ಕೆಸರು, ಹಳ್ಳಿಯ ಎಮ್ಮೆ ಹಳ್ಳಿಯಲ್ಲಿ ಇರುವ ಹಾಗೆ.

"ಕೂದಲ ಬರತಾವ್ರಿ!" ಎಂದೆ. "ಹಿಂಡಿ ಹೆಚ್ಚ ಹಾಕತೀನಿ, ಲಗೂ ಬರತಾವ. ಕೆಸರ ಅಂದ್ರ ಈಗs ಉಳ್ಳಾಡಿಸಿ ತರತೀನಿ. ಒಂದೀಟ ತಡೀರಿ."

ಯಾರೂ ತಡೆಯಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಸರಿಯಾಗಿ ಸಣ್ಣಾಕಿ ಹೊಂಡದಿಂದ ತಾನೇ ಮನೆಗೆ ಬರುತ್ತಿತ್ತು. ಬೆನ್ನ ಮೇಲೆ ಅರ್ಧ ಒಣಗಿದ ಕೆಸರು, ಕೊಂಬಿಗೆ ಸುತ್ತಿಕೊಂಡ ಹಸಿರು ಪಾಚಿ, ಕಿವಿಯಲ್ಲಿ ಪೊದೆ ಪೊದೆ ಕೂದಲು. ಜನರ ನಡುವೆ ದಾರಿ ಮಾಡಿಕೊಂಡು, ಸಾಹೇಬರ ಪ್ಯಾಂಟಿಗೆ ಬಾಲದಿಂದ ಒಂದು ಕೆಸರಿನ ಗೆರೆ ಎಳೆದು, ತನ್ನ ಗೋಠಾದೊಳಗೆ ಹೋಯಿತು. ಸಾಹೇಬರು ಪ್ಯಾಂಟು ನೋಡಿಕೊಳ್ಳಲೇ ಇಲ್ಲ. ಎಮ್ಮೆಯ ಹಿಂದೆಯೇ ಹೋದರು.

ನಾನು ದೊಡ್ಡಾಕಿಯ ಹಗ್ಗ ಹಿಡಿದುಕೊಂಡು ನಡುಬೀದಿಯಲ್ಲಿ ನಿಂತಿದ್ದೆ. ಗೊಂಡೆ ಗಾಳಿಗೆ ಅಲುಗಾಡುತ್ತಿತ್ತು.

ಶೂಟಿಂಗ್ ಶುರುವಾಯಿತು. ನದಿಯ ದಂಡೆಯಲ್ಲಿ ಡೇರೆ ಹಾಕಿದರು. ಸಣ್ಣಾಕಿಗೆ ಬಿಸಿಲು ತಾಗಬಾರದೆಂದು ಒಬ್ಬ ದೊಡ್ಡ ಛತ್ರಿ ಹಿಡಿದು ನಿಲ್ಲುತ್ತಾನೆ ಎಂದು ಊರೆಲ್ಲ ಸುದ್ದಿ. ಷಡ್ಡಕನಿಗೆ ಕುರ್ಚಿ, ಚಹಾ. ಅವನು ಸಂತೆಯಿಂದ ಕಪ್ಪು ಚಾಳೀಸು ತಂದುಕೊಂಡ. ಇತ್ತ ನನ್ನ ದೊಡ್ಡಾಕಿಯ ಬೋಳು ಚರ್ಮಕ್ಕೆ ಬೇಸಿಗೆಯ ಬಿಸಿಲು ತಡೆಯದಾಯಿತು. ಗೋಣಿಚೀಲ ತೋಯಿಸಿ ಮೈಮೇಲೆ ಹಾಕುವುದು, ಅದು ಒಣಗಿದ ಕೂಡಲೇ ಮತ್ತೆ ನೀರು ಹೊಡೆಯುವುದು, ಇದೇ ನನ್ನ ದಿನ. ಕೊಡ ಎತ್ತುವಾಗೆಲ್ಲ ಆ ಛತ್ರಿ ನೆನಪಾಗುತ್ತಿತ್ತು.

ನಾದಿನಿ ಒಂದು ಸಂಜೆ ಶೇಂಗಾದ ಉಂಡಿ ತಂದುಕೊಟ್ಟಳು. ಅಕ್ಕನ ಗಂಡನಿಗೆ ಇಲ್ಲಿ ದಾಜಿ ಅನ್ನುವುದು ರೂಢಿ. "ದಾಜಿ, ಎಲ್ಲಾರೂ ಬಂದಾರ ಶೂಟಿಂಗಿಗೆ, ನೀವs ಬಂದಿಲ್ಲಲ್ರಿ?"

"ನನಗ ಕೆಲಸ ಐತವಾ."

"ಏನಿಲ್ಲ, ಎಮ್ಮಿಗೆ ಜಳಕಾ ಮಾಡಸ್ಕೋಂತ ಕುಂತಾರ," ಎಂದು ನನ್ನ ಹೆಂಡತಿ ಒಳಗಿನಿಂದ ಕೂಗಿದಳು. ಅಕ್ಕತಂಗಿಯರು ನಕ್ಕರು. ನಾನು ಉಂಡಿ ಬದಿಗಿಟ್ಟು ಕೊಡ ಎತ್ತಿಕೊಂಡೆ. ರಾತ್ರಿ ಮಲಗಿದಾಗ ನಾನು ದೇವರಲ್ಲಿ ಬೇಡಿಕೊಂಡದ್ದು ನಿಜ, ಆ ಎಮ್ಮೆ ಏನಾದರೂ ಹಟ ಮಾಡಲಿ ಎಂದು. ಸಣ್ಣಾಕಿಗೆ ಕೆಟ್ಟದಾಗಲಿ ಅಂತ ಅಲ್ಲ. ಬರೀ ಹಟ.

ಹಟ ಮಾಡಿತು. ಶೂಟಿಂಗಿನ ಕೊನೆಯ ದಿನ ಇಳಿಹೊತ್ತಿನಲ್ಲಿ ಷಡ್ಡಕ ನಮ್ಮ ಮನೆಗೆ ಓಡುತ್ತಾ ಬಂದ. ಚಾಳೀಸು ಇರಲಿಲ್ಲ. ದನಿ ಒಡೆದಿತ್ತು.

"ಅಣ್ಣಾ, ನಡಿ. ಅಕಿ ತಿರುಗಿ ನೋಡವಲ್ಲಳು."

"ಯಾಕ ನೋಡಬೇಕು?"

"ಕತಿಯಾಗ ಐತಂತ. ನೀರಿಗೆ ಇಳಿಯೂ ಮುಂದ ಒಮ್ಮಿ ತಿರುಗಿ ಹುಡಿಗಿನ್ನ ನೋಡಬೇಕಂತ. ಮುಂಜಾನಿಂದ ಕರದ ಕರದ ನನ್ನ ಗಂಟಲ ಹರದ ಹೋತು. ಕಿವಿ ಸೈತ ಹೊಳ್ಳಸವಲ್ಲಳು."

"ಹಿಂಡಿ ಬುಟ್ಟಿ ತೋರಸು."

"ತೋರಿಸಿದ್ನೋ. ಬುಟ್ಟಿ ನೋಡಿ ಓಡಿ ಬಂದು ಆ ಹುಡಿಗಿನ್ನ ಕೆಡವೀತು. ಓಡಿ ಬರಬಾರದು, ನಿಂತು ನೋಡಬೇಕು, ಅಷ್ಟs. ಹೊತ್ತ ಮುಳಗಿದ್ರ ನಾಳಿ ಅವ್ರು ಹೋಗತಾರ."

ನಾನು ಗೋಣಿಚೀಲ ಹಿಂಡುತ್ತಾ, "ನಿನ್ನ ಎಮ್ಮಿ, ನೀ ಕರಿ," ಎಂದೆ. ಆ ಮಾತು ಹೇಳುವಾಗ ನನಗೆ ಬಹಳ ಹಿತವಾಯಿತು. ನನ್ನ ಹೆಂಡತಿ ಹೊರಗೆ ಬಂದು ನನ್ನ ಕೈಯಿಂದ ಚೀಲ ಕಸಿದುಕೊಂಡಳು.

"ಆ ಕತಿ ನನಗ ಮದಿವಿ ಆದ ವರ್ಷ ಹೇಳೀರಿ ನೀವು. ತಿರುಗಿ ನೋಡೂದs ಬರಲಿಲ್ಲಂದ್ರ ಅದೇನ ಕತಿರಿ? ಹೋಗ್ರಿ."

ಹೋದೆ. ನದಿಯ ಮೇಲೆ ಬಿಸಿಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಆ ಹೆಣ್ಣುಮಗಳು ನನಗೆ ಒಂದು ಪೊದೆ ತೋರಿಸಿ, "ಕಾಕಾ, ಅದರ ಹಿಂದೆ ನಿಲ್ಲಿ, ಚಿತ್ರದಲ್ಲಿ ಕಾಣಬಾರದು," ಎಂದಳು. ನಾನು ಮುಳ್ಳುಪೊದೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತೆ. ಸಣ್ಣಾಕಿ ನೀರಿನ ಕಡೆ ನಡೆಯಿತು. ಮುಂಗಾಲು ನೀರಿಗೆ ತಾಗುವಾಗ ನಾನು ಮೊದಲನೆಯ ಕೂಗು ಹಾಕಿದೆ.

ಅದು ನಿಂತಿತು. ನನ್ನ ಗೋಠಾ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಕುತ್ತಿಗೆ ಎತ್ತಿ, ಕೊಂಬು ಬೆನ್ನಿಗೆ ತಾಗಿಸಿ, ಎರಡೂ ಕಿವಿ ಮುಂದೆ ಮಾಡಿ, ತಿರುಗಿ ಪೊದೆಯ ಕಡೆ ನೋಡಿತು. ನೋಡುತ್ತಲೇ ನಿಂತಿತು. ಎರಡನೆಯ ಕೂಗಿಗೆ ಕಾಯುತ್ತಿತ್ತು. ನನಗೆ ಗೊತ್ತು, ಅದಕ್ಕೂ ಗೊತ್ತು. ಕೂಗು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಹೆಣ್ಣುಮಗಳು ದೂರದಿಂದ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು. ನಾನು ಬಾಯಿಗೆ ಟವೆಲ್ ಒತ್ತಿಕೊಂಡೆ. ಸಣ್ಣಾಕಿ ಇನ್ನೂ ಸ್ವಲ್ಪ ಹೊತ್ತು ಕಾದು ನಿಂತಿತು. ಆಮೇಲೆ ಕಿವಿ ಇಳಿಸಿ ಮೆಲ್ಲಗೆ ನೀರಿಗೆ ಇಳಿಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಓಡಿ ಬಂದು ಷಡ್ಡಕನನ್ನು ತಬ್ಬಿಕೊಂಡರು. ನನ್ನ ಧೋತರಕ್ಕೆ ಮುಳ್ಳು ಹತ್ತಿತ್ತು. ಬಿಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಚಹಾ ಕುಡಿಯಲು ಹೋಗಿಯಾಗಿತ್ತು.

ಒಂದು ಆಸೆ ಉಳಿದಿತ್ತು. ನನ್ನ ಕೂಗು ಪಿಚ್ಚರಿನಲ್ಲಿ ಕೇಳಿಸುತ್ತದೆ ಎಂದುಕೊಂಡಿದ್ದೆ. ಮುಖ ಬೇಡ, ಕೂಗಾದರೂ ಇರಲಿ. ಆ ವರ್ಷ ಪಾಡವಾಕ್ಕೆ ನಾನು ದೊಡ್ಡಾಕಿಯನ್ನು ಹೊರಗೆ ತರಲಿಲ್ಲ. ಪಿಚ್ಚರ್ ಬರುವವರೆಗೆ ಕಾದೆ. ಮರುವರ್ಷ ದಸರೆಯ ಸೂಟಿಗೆ ಬಂತು.

ನಿಪ್ಪಾಣಿಯ ಟಾಕೀಜಿಗೆ ಟೆಂಪೋ ಮಾಡಿಕೊಂಡು ಹೋದೆವು. ಸಂಜೆಯ ಆಟ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ, ಹಾಗಾಗಿ ಟಾಕೀಜಿನ ಅಂಗಳದಲ್ಲೇ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ತಿಂದು ಒಳಗೆ ಹೋದೆವು. ಷಡ್ಡಕ ಬಿಳಿ ಪ್ಯಾಂಟು ಹಾಕಿದ್ದ. ರೊಟ್ಟಿ ತಿನ್ನುವಾಗ ಮಡಿಲಲ್ಲಿ ಟವೆಲ್ ಹಾಸಿಕೊಂಡಿದ್ದ.

ಪಿಚ್ಚರ್ ಚೆನ್ನಾಗಿತ್ತು. ಅದರಿಂದಲೇ ನನಗೆ ಮೊದಲು ಸಂಕಟವಾಯಿತು. ಚಂದ್ರ ನದಿಗೆ ಬಿದ್ದದ್ದು ನೋಡಿ ಮಕ್ಕಳು ಕಿರುಚಿದವು. ಆಮೇಲೆ ಸಣ್ಣಾಕಿ ಬಂದು ಬಾಯಿ ತೆರೆದು ಮಾತಾಡಿತು. ಯಾರೋ ನಟಿಯ ಧ್ವನಿ, ಮರಾಠಿಯಲ್ಲಿ, ಸಗಣಿಯ ವಾಸನೆಯೇ ಗೊತ್ತಿಲ್ಲದಂಥ ನಯವಾದ ಧ್ವನಿ. ಬಾಯಿ ಆಡುವುದೆಲ್ಲ ಕಂಪ್ಯೂಟರಿನ ಕೆಲಸ ಎಂಬುದು ನೋಡಿದರೆ ತಿಳಿಯುತ್ತಿತ್ತು. ನೀರಿನ ತಳದಲ್ಲಿ ಈಜುವುದೂ ಕಂಪ್ಯೂಟರು. ನನಗೆ ಸ್ವಲ್ಪ ಸಮಾಧಾನವಾಯಿತು. ಹೆಂಡತಿಯ ಕಿವಿಗೆ, "ಇದು ಅಕಿ ಅಲ್ಲs ಅಲ್ಲ. ಅರ್ಧಾ ಎಮ್ಮಿ ಕಂಪ್ಯೂಟರಿಂದು," ಎಂದೆ.

"ಸುಮ್ನ ಕುಂಡ್ರಿ. ನನಗ ಕೇಳಸವಲ್ದು," ಎಂದಳು.

ಕೊನೆಗೆ ಆ ಜಾಗ ಬಂತು. ಚಂದ್ರ ಮೇಲೆ ಹೋದ. ಎಮ್ಮೆ ಒಂಟಿಯಾಗಿ ನೀರಿನ ಕಡೆ ನಡೆಯಿತು. ನಾನು ಕುರ್ಚಿಯ ತುದಿಗೆ ಬಂದೆ. ಮುಂಗಾಲು ನೀರಿಗೆ ತಾಗಿತು. ಈಗ ನನ್ನ ಕೂಗು. ಕೂಗು ಬರಲಿಲ್ಲ. ಅಲ್ಲಿ ಒಂದು ಕೊಳಲು ಊದಿದ್ದರು.

ಆದರೆ ಸಣ್ಣಾಕಿ ತಿರುಗಿ ನೋಡಿತು. ಇಲ್ಲಿ ಕಂಪ್ಯೂಟರು ಇರಲಿಲ್ಲ. ಬಾಯಿ ಮುಚ್ಚಿತ್ತು. ಕಿವಿ ಮುಂದೆ ಮಾಡಿ, ಕೊಂಬು ಬೆನ್ನಿಗೆ ತಾಗಿಸಿ, ಗೋಡೆಯಷ್ಟು ದೊಡ್ಡ ಮುಖ ಟಾಕೀಜಿನ ತುಂಬ ನಮ್ಮನ್ನೇ ನೋಡುತ್ತಿತ್ತು. ಕಾಯುತ್ತಿತ್ತು. ಹಿಂದೆ ಯಾರೋ ಹೆಂಗಸು ಅಳು ತಡೆದು ಮೂಗು ಎಳೆದುಕೊಂಡದ್ದು ಕೇಳಿತು. ನನ್ನ ಹೆಂಡತಿ ಮುಂದೆ ನೋಡುತ್ತಲೇ ಮೆಲ್ಲಗೆ ಹೇಳಿದಳು.

"ಇನ್ನೊಮ್ಮಿ ಕರೀತೀರಂತ ಕಾಯಾಕತ್ತಾಳ್ರಿ."

ದೀಪ ಹತ್ತಿದವು. ಊರಿನವರೆಲ್ಲ ಷಡ್ಡಕನ ಬೆನ್ನು ಚಪ್ಪರಿಸಿದರು. ನಿಪ್ಪಾಣಿಯ ಜನಕ್ಕೂ ತಿಳಿದು ಅವನ ಸುತ್ತ ನಿಂತರು. "ಏನ ನೋಡತೈತ್ರಿ ಆ ಎಮ್ಮಿ! ಹೆಂಗ ಕಲಿಸಿದ್ರಿ?" ಎಂದು ಒಬ್ಬ ಮುದುಕ ಕೇಳಿದ.

ಷಡ್ಡಕ ನನ್ನ ಕಡೆ ನೋಡಲಿಲ್ಲ. ಪ್ಯಾಂಟು ಜಾಡಿಸಿಕೊಂಡು, "ಭಾಳ ತ್ರಾಸ ತಗೋಬೇಕಾತ್ರಿ," ಎಂದ.

ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಹೊರಗೆ ಕಬ್ಬಿನ ಗದ್ದೆ ನೋಡುತ್ತಾ ಕೂತೆ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೆರಳು ತೋರಿಸಿದ್ದರೂ ಸಾಕಿತ್ತು. ಮರುದಿನ ಬಾಗಿಲಿಗೆ ಪೋಸ್ಟರ್ ಬಂತು, ಅದರ ಮರುದಿನ ಪ್ಲಾಸ್ಟಿಕ್ ಹಾಳೆ.

ದೀಪಾವಳಿ ಬಂತು. ಎಂದೂ ಪಾಡವಾ ಓಟಕ್ಕೆ ಬರದ ಷಡ್ಡಕ ಈ ಸಲ ತಾನೂ ಬರುತ್ತೇನೆಂದು ಊರಿಗೆಲ್ಲ ಸಾರಿದ. ಹಿಂಡಿ ತೋರಿಸಿ ತೋರಿಸಿ ಸಣ್ಣಾಕಿಗೆ ಮೋಟರ್‌ಸೈಕಲ್ ಹಿಂದೆ ಓಡುವುದನ್ನು ರೂಢಿ ಮಾಡಿಸಿದ್ದ. ಕ್ಷೌರದವನನ್ನು ಕರೆಸಿ ಬೋಳಿಸಿದ. ಎಣ್ಣೆ ಹಚ್ಚಿದ. ಕೊಂಬಿಗೆ ಹುರಮಂಜು ಸಾಲದೆಂದು ನಡುವೆ ಬೆಳ್ಳಿಬಣ್ಣದ ಕಾಗದದ ಚಂದ್ರ ಕಟ್ಟಿದ. ಆ ಕ್ಷೌರದವ ಅಲ್ಲಿಂದ ನೇರ ನನ್ನ ಮನೆಗೆ ಬಂದ. ನಾನು ಬೇಡ ಎಂದು ಕಳಿಸಿದೆ.

"ಯಾಕ್ರಿ, ಮತ್ತ ಯಾರರ ಪಿಚ್ಚರಿನವ್ರ ಬರ್ತೀವಂದಾರೇನ?" ಎಂದು ಹೆಂಡತಿ ಕೇಳಿದಳು. ನನಗೆ ಆ ವಸ್ತರಾ ನೋಡಿದರೆ ಓಣಿಯ ನಗು ಕೇಳಿಸುತ್ತಿತ್ತು, ಅಷ್ಟೇ. ದೊಡ್ಡಾಕಿಯ ಮೈತುಂಬ ಕೂದಲು ಬಂದಿತ್ತು. ಮುಂಜಾನೆ ನದಿಗೆ ಹೋಗಿ ಬಂದಿತ್ತು, ಬೆನ್ನ ಮೇಲೆ ಕೆಸರು ಹಾಗೇ ಇತ್ತು. ಹಾಗೇ ಹೊಡೆದುಕೊಂಡು ಹೋದೆ.

ಮೈದಾನದಲ್ಲಿ ಹೊಳೆಯುವ ಎಮ್ಮೆಗಳ ನಡುವೆ ನನ್ನದೊಂದೇ ಕೂದಲಿನದು. ಸಂಕೋಚದಿಂದ ಒಂದು ಮೂಲೆಗೆ ನಿಂತೆ. ಆಗ ತಂದೆಯ ಹೆಗಲ ಮೇಲೆ ಕೂತ ಒಂದು ಸಣ್ಣ ಹುಡುಗಿ ಚೀರಿದಳು.

"ಪಪ್ಪಾ, ನೋಡಿಲ್ಲೆ! ಪಿಚ್ಚರದಾಗಿನ ಎಮ್ಮಿ!"

ನೋಡ ನೋಡುವಷ್ಟರಲ್ಲಿ ನನ್ನ ಸುತ್ತ ಜನ. ಮೊಬೈಲು ಮೇಲೆ ಬಂದವು. ದೊಡ್ಡಾಕಿಯ ಕಿವಿ ಮುಟ್ಟುವವರು, ಕೊಂಬು ಸವರುವವರು. ಆ ಹುಡುಗಿ ಬಗ್ಗಿ ನನ್ನನ್ನು ಕೇಳಿದಳು, "ಇಕಿನs ಹೌದಿಲ್ಲೋ?"

ಹೌದು ಎಂಬ ಮಾತು ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಒಂದೂವರೆ ವರ್ಷದಿಂದ ಅಲ್ಲೇ ಕೂತಿತ್ತು. ಎದುರಿಗೆ ಷಡ್ಡಕ ಕಾಗದದ ಚಂದ್ರ ಹೊತ್ತ ತನ್ನ ಹೊಳೆಯುವ ಎಮ್ಮೆಯ ಪಕ್ಕ ನಿಂತಿದ್ದ. ಅವನ ಹತ್ತಿರ ಒಬ್ಬರೂ ಇರಲಿಲ್ಲ. ನಾನು ಅವನ ಮುಖ ನೋಡಿದೆ. ಅಲ್ಲಿ ಇದ್ದದ್ದು ನನಗೆ ಕೂಡಲೇ ಗುರುತು ಹತ್ತಿತು. ನಡುಬೀದಿಯಲ್ಲಿ ಹಗ್ಗ ಹಿಡಿದು ನಿಂತ ದಿನದಿಂದ ಅದೇ ಮುಖವನ್ನು ನಾನು ಹೊತ್ತು ತಿರುಗಿದ್ದೆ.

"ಅಲ್ಲವಾ," ಎಂದೆ. "ಇಕಿ ಅಕ್ಕ. ಪಿಚ್ಚರದಾಗ ಮಾಡಿದಾಕಿ ತಂಗಿ. ಅಲ್ಲಿ ಅದಾಳ ನೋಡು, ಚಂದ್ರಾಮನ್ನ ಕಟಗೊಂಡಾಕಿ."

ಹುಡುಗಿ ಆ ಕಡೆ ನೋಡಿದಳು. ಮುಖ ಸಿಂಡರಿಸಿದಳು. "ಸುಳ್ಳ! ಅಕಿಗೆ ಕೂದಲಾ ಇಲ್ಲ!"

ಜನ ನಕ್ಕು ಮತ್ತೆ ನನ್ನ ಎಮ್ಮೆಯ ಫೋಟೋ ತೆಗೆಯತೊಡಗಿದರು. ಷಡ್ಡಕ ಕೂಗಿ ಹೇಳಿದ, "ಏ, ಪಿಚ್ಚರಿಂದು ಇದರೀ! ಇದು!" ಯಾರೂ ತಿರುಗಲಿಲ್ಲ. ನಾನು ಸತ್ಯವನ್ನೇ ಹೇಳಿದ್ದೆ. ಅವರು ನಂಬದಿದ್ದರೆ ನಾನು ಏನು ಮಾಡಲಿ? ಹೊಟ್ಟೆಯೊಳಗೆ ತಣ್ಣಗೆ ಮಜ್ಜಿಗೆ ಕುಡಿದ ಹಾಗಾಯಿತು.

ಅಷ್ಟರಲ್ಲಿ ಓಟ ಶುರುವಾಯಿತು. ಷಡ್ಡಕನ ಪಾಳಿ ನನಗಿಂತ ಮೊದಲು. ಅವನು ಸೈಲೆನ್ಸರ್ ಬಿಚ್ಚಿದ ಮೋಟರ್‌ಸೈಕಲ್ ಒದ್ದು ಚಾಲೂ ಮಾಡಿ, ಒಂದು ಕೈಯಲ್ಲಿ ಹಿಂಡಿಯ ಚೀಲ ಎತ್ತಿ ಹಿಡಿದು, ಹೊಗೆ ಎಬ್ಬಿಸುತ್ತಾ ಹೊರಟ. ಸಣ್ಣಾಕಿ ಅವನ ಹಿಂದೆ ಓಡಿತು. ಚೆನ್ನಾಗಿಯೇ ಓಡುತ್ತಿತ್ತು.

ದೊಡ್ಡಾಕಿ ಜನರ ಗದ್ದಲಕ್ಕೆ ಬೆದರಿ ಮೈದಾನದ ಒಂದು ಬದಿಗೆ ಹೋಗಿ ನಿಂತಿತ್ತು. ಮುಂದಿನ ಪಾಳಿ ನನ್ನದು, ಅದನ್ನು ಕರೆಯಬೇಕಿತ್ತು. ನಾನು ಕೂಗಿದ್ದು ನನ್ನ ಎಮ್ಮೆಗೆ. ಈಗಲೂ ಅದನ್ನೇ ಹೇಳುತ್ತೇನೆ.

ಮೊದಲನೆಯ ಕೂಗಿಗೆ ದೊಡ್ಡಾಕಿ ತಲೆ ಎತ್ತಿ ತಿರುಗಿ ನೋಡಿತು. ಮೈದಾನದ ನಡುವೆ, ಓಡುತ್ತಿದ್ದ ಸಣ್ಣಾಕಿಯೂ ಗಕ್ಕನೆ ನಿಂತಿತು. ಕುತ್ತಿಗೆ ಎತ್ತಿತು. ಕಾಗದದ ಚಂದ್ರ ಕಳಚಿ ಒಂದು ಕಿವಿಯ ಮೇಲೆ ಜೋತು ಬಿದ್ದಿತು. ಎರಡೂ ಕಿವಿ ಮುಂದೆ ಮಾಡಿ ನನ್ನನ್ನು ನೋಡಿತು. ಟಾಕೀಜಿನಲ್ಲಿ ನೋಡಿದ ಹಾಗೆಯೇ. ಕಾಯುತ್ತಿತ್ತು.

ಈ ಸಲ ಬೇಡ ಎಂದು ಕೈ ಆಡಿಸುವವರು ಯಾರೂ ಇರಲಿಲ್ಲ. ನಾನು ಎರಡನೆಯ ಕೂಗು ಹಾಕಿದೆ.

ಎರಡೂ ಓಡಿ ಬಂದವು. ಒಂದು ಬೋಳು, ಒಂದು ಕೂದಲಿನದು, ಅಕ್ಕ ಮುಂದೆ, ತಂಗಿ ಹಿಂದೆ, ಮಣಕ ಇದ್ದಾಗ ಓಡಿ ಬರುತ್ತಿದ್ದ ಹಾಗೆ. ಬಂದು ನನ್ನ ಎರಡೂ ಬದಿಗೆ ನಿಂತು ಬುಸುಗುಟ್ಟಿದವು. ಸಣ್ಣಾಕಿಯ ಮೈಯ ಎಣ್ಣೆ ನನ್ನ ಅಂಗಿಗೆಲ್ಲ ಹತ್ತಿತು. ಮೈದಾನದ ಆ ತುದಿಯಲ್ಲಿ ಷಡ್ಡಕ ಚೀಲ ಎತ್ತಿ ಹಿಡಿದುಕೊಂಡು ಒಬ್ಬನೇ ಹೋಗುತ್ತಿದ್ದ. ಜನ ಕೇಕೆ ಹಾಕಿ ನಗತೊಡಗಿದರು. ತನ್ನನ್ನೇ ಹೊಗಳುತ್ತಿದ್ದಾರೆ ಎಂದುಕೊಂಡನೋ ಏನೋ, ಚೀಲ ಇನ್ನಷ್ಟು ಮೇಲೆ ಎತ್ತಿದ. ಆಮೇಲೆ ಗಾಡಿಯ ಮೇಲಿಂದಲೇ ಒಮ್ಮೆ ತಿರುಗಿ ನೋಡಿದ.